ಕಾಕಾನ ಪಡಸಾಲೆಯ ಮೀನುಗಳು

ಸಂಸಾರದ ಜಂಜಾಟ ಮುಗಿಸಿದ ಮನುಷ್ಯ ಕೊನೆಗಾಲದಲ್ಲಿ ಹೊರಗಿನ ಗದ್ದಲಕ್ಕೆ ಬೆನ್ನು ತಿರುಗಿಸಿ ಮೌನದ ಆಳಕ್ಕೆ ಇಳಿಯುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ನಮ್ಮ ಕಾಕಾನನ್ನು ನೋಡಿಲ್ಲ. ನಮ್ಮ ಕಾಕಾ ನಿವೃತ್ತರಾದ ಮೇಲೆ ಇಳಿದದ್ದೇನೋ ನಿಜ; ಆದರೆ ಮೌನದ ಆಳಕ್ಕಲ್ಲ, ಎರಡಡಿ ಆಳದ ಗಾಜಿನ ತೊಟ್ಟಿಗೆ. ಅದೂ ಮೊಣಕೈವರೆಗೆ ಮಾತ್ರ.

ಅವರಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಅಣ್ಣನ ಮಗನಾಗಿ, ಮೇಲಾಗಿ ಗೋಡೆಗೆ ಗೋಡೆ ಹತ್ತಿದ ನೆರೆಯವನಾಗಿ, ಹಾಗೆ ಹೇಳುವುದು ಸಭ್ಯತೆಯಲ್ಲ. ಜೇವರ್ಗಿ ಹೇಳುತ್ತದೆ. ಇಡೀ ಊರು ಒಂದು ಮಾತು ಹೇಳುವಾಗ ಅದನ್ನು ಅಲ್ಲಗಳೆಯಲು ನಾನು ಯಾರು?

ಕಾಕಾ ಮೂವತ್ತಮೂರು ವರ್ಷ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ನೆಲೋಗಿ, ಕಲಬುರಗಿ, ಅಫಜಲಪುರದ ದಾರಿಗಳಲ್ಲಿ ಅವರಿಂದ ಟಿಕೆಟ್ ಹರಿಸಿಕೊಳ್ಳದ ಮನುಷ್ಯನಿಲ್ಲ. ಐವತ್ತು ಸೀಟಿನ ಬಸ್ಸಿನಲ್ಲಿ ನೂರಾ ಹತ್ತು ಜನರನ್ನು, ನಾಲ್ಕು ಆಡುಗಳನ್ನು, ಎರಡು ಚೀಲ ಉಳ್ಳಾಗಡ್ಡಿಯನ್ನು ತುಂಬಿದ ಮೇಲೂ, “ಒಳಗ ಇನ್ನೂ ಜಾಗ ಅದರಿ, ಸರಕೋತ ಹೋಗ್ರಿ!” ಎಂದು ಕೂಗಿದ ಮಹಾನುಭಾವರು. ನಿವೃತ್ತಿಯ ದಿನ ಡಿಪೋದವರು ಹಾರ, ಶಾಲು, ತೆಂಗಿನಕಾಯಿ ಎಲ್ಲ ಮುಗಿದ ಮೇಲೆ, ಎಲ್ಲರಿಗೂ ಕೊಡುವ ಗೋಡೆ ಗಡಿಯಾರದ ಬದಲು, ಏನೋ ಹೊಸತು ಮಾಡುವ ಉಮೇದಿನಲ್ಲಿ ಒಂದು ಗಾಜಿನ ಬರಣಿ ಕೊಟ್ಟರು. ಅದರೊಳಗೆ ಎರಡು ಗಪ್ಪಿ ಮೀನು. ಅವತ್ತು ಗಡಿಯಾರವನ್ನೇ ಕೊಟ್ಟಿದ್ದರೆ ಇವತ್ತು ನನ್ನ ಸೊಂಟ ಹೀಗಾಗುತ್ತಿರಲಿಲ್ಲ!

ನಮ್ಮದು ಮೀನಿನೊಂದಿಗೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದ ಮನೆತನ. ತಿಂದವರಿಲ್ಲ, ಹಿಡಿದವರಿಲ್ಲ. ಮೀನು ಕೂಡ ಇಲ್ಲಿಯವರೆಗೆ ನಮ್ಮ ತಂಟೆಗೆ ಬಂದಿರಲಿಲ್ಲ. ಆದರೆ ಗಪ್ಪಿ ಎಂಬುದು ಬಹಳ ಶ್ರದ್ಧೆಯ ಜೀವಿ. ಅದು ಮೊಟ್ಟೆಯಿಡುವ ಗೊಡವೆಗೂ ಹೋಗುವುದಿಲ್ಲ, ನೇರ ಮರಿಯನ್ನೇ ಹಾಕುತ್ತದೆ. ಅದೂ ತಿಂಗಳಿಗೊಮ್ಮೆ, ತಪ್ಪದೆ, ಪಿಂಚಣಿಯ ಹಾಗೆ. ಮೂರು ತಿಂಗಳಲ್ಲಿ ಬರಣಿ ಹೋಗಿ ಬಕೆಟ್ಟು ಬಂತು, ಬಕೆಟ್ಟು ಹೋಗಿ ತೊಟ್ಟಿ ಬಂತು. ಒಂದು ಮುಂಜಾನೆ ಕಾಕಾ ಆ ತೊಟ್ಟಿಯ ಮುಂದೆ ನಿಂತು ಮೂಗಿನ ಮೇಲೆ ಬೆರಳಿಟ್ಟುಕೊಂಡು, “ಮಾಸ್ತರ, ಇದು ಓವರ್‌ಲೋಡ್ ಆಗ್ಯದ” ಎಂದರು.

ಮಾಸ್ತರ ಎಂದರೆ ನಾನು. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ವಯಸ್ಸಿನಲ್ಲಿ ಕಾಕಾನಿಗಿಂತ ಆರೇ ವರ್ಷ ಚಿಕ್ಕವನಾದ್ದರಿಂದ ಅವರು ಚಿಕ್ಕಂದಿನಿಂದಲೂ ನನ್ನನ್ನು ಕೈಯಾಳಿನ ದರ್ಜೆಯಲ್ಲಿಯೇ ಇಟ್ಟಿದ್ದಾರೆ. ಬಡ್ತಿ ಸಿಕ್ಕಿಲ್ಲ.

ಅಂದಿನಿಂದ ಕಾಯಿದೆ ಜಾರಿಗೆ ಬಂತು: ಮೂರು ಗಪ್ಪಿಗೆ ಒಂದು ಕೊಡ ನೀರು. ಒಂದು ಮೀನು ಹೆಚ್ಚಾದರೂ ಇನ್ನೊಂದು ತೊಟ್ಟಿ. ಆ ತೊಟ್ಟಿಯಲ್ಲಿ ಜಾಗ ಉಳಿಯಿತಲ್ಲ ಎಂದು ಬೇರೆ ಜಾತಿಯ ಮೀನು. ಆ ಜಾತಿಗೂ ಈ ಜಾತಿಗೂ ಬಗೆಹರಿಯಲಿಲ್ಲ ಎಂದು ಮತ್ತೊಂದು ತೊಟ್ಟಿ. ನೋಡನೋಡುತ್ತ ಪಡಸಾಲೆಯ ಮೂರು ಗೋಡೆಗುಂಟ ತೊಟ್ಟಿಗಳು ನಿಂತವು. ನಾಲ್ಕನೆಯ ಗೋಡೆಯಲ್ಲಿ ಬಾಗಿಲಿತ್ತು, ಉಳಿಯಿತು.

“ಮೂವತ್ತ ವರ್ಷ ಮಂದಿಗಿ ಉಸರಾಡಾಕ ಜಾಗಾ ಕೊಡಲಿಲ್ಲ. ಈಗ ಮೀನಕ್ಕ ಕೊಡಾಕತ್ಯಾರ ನೋಡ್ರಿ!” ಎಂದರು ಕಾಕು. ಕಾಕು ಎಂದರೆ ಕಾಕಾನ ಹೆಂಡತಿ; ಆ ಪಡಸಾಲೆಯ ಮೂಲ ಒಡತಿ.

“ಆ ಪಾಪಾನ ತೊಳಕೊಳ್ಳಾಕತ್ತೇನಿ ಬೇ” ಎಂದರು ಕಾಕಾ.

“ತೊಳಕೋರಿ. ನೀರಂತೂ ಬೇಕಾದಷ್ಟ ಅದ.”

ಹೀಗಿರುವಾಗ ದೀಪಾವಳಿ ಮುಗಿದ ವಾರದಲ್ಲಿ ಕಾಕಾನಿಗೆ ಏಂಜಲ್ ಎಂಬ ಮೀನಿನ ದರ್ಶನವಾಯಿತು. ಕಲಬುರಗಿಯಲ್ಲಿ ಅವರು ಮೀನು ತರುವ ಅಂಗಡಿಯ ಯಜಮಾನರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಅವರು ತೋರಿಸಿದರು: ಅಂಗೈಯಗಲದ ಚಪ್ಪಟೆ ಮೈ, ಬೆಳ್ಳಿಯ ಬಣ್ಣ, ಮೇಲೊಂದು ಕೆಳಗೊಂದು ಪಟದ ಬಾಲಂಗೋಚಿಯಂಥ ರೆಕ್ಕೆ, ಮುಖದಲ್ಲಿ ಜಮೀನ್ದಾರರ ಗತ್ತು. ಗಪ್ಪಿಯ ಹಾಗೆ ಸಿಕ್ಕಸಿಕ್ಕಲ್ಲಿ ಮರಿ ಹಾಕುವ ಜಾತಿಯಲ್ಲ. ಜೋಡಿ ಕಟ್ಟುತ್ತವೆ, ಜಾಗ ಆರಿಸುತ್ತವೆ, ಅದನ್ನು ಬಾಯಿಂದ ತಿಕ್ಕಿ ಶುದ್ಧ ಮಾಡುತ್ತವೆ, ಆಮೇಲೆ ಮೊಟ್ಟೆ. ಗಂಡಹೆಂಡಿರಿಬ್ಬರೂ ಮೊಟ್ಟೆ ಕಾಯುತ್ತಾರೆ. “ಖಾಸ್ ಕರಕೆ ಬಾಪ್, ಸಾಬ್. ಅಪ್ಪ ಬಿಟ್ಟು ಸರಿಯಂಗೇ ಇಲ್ಲ” ಎಂದರು ಚಾಚಾ. ಕಾಕಾ ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆರು ಮರಿ ಕಟ್ಟಿಸಿದರು.

ಗಾಳಿ ತುಂಬಿ ಬಿಗಿದ ಆ ಪ್ಲಾಸ್ಟಿಕ್ ಚೀಲವನ್ನು ಕಲಬುರಗಿಯಿಂದ ಜೇವರ್ಗಿಯವರೆಗೆ ತೊಡೆಯ ಮೇಲೆ ಹಿಡಿದು ಕೂತವರು ಯಾರು ಎಂದು ಬೇರೆ ಹೇಳಬೇಕೆ? ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ನಾನು ಚೀಲದೊಂದಿಗೆ ಮೇಲೇಳಬೇಕು. ಬಸ್ಸು ಸಮನಾದ ಮೇಲೆ ನಿಧಾನವಾಗಿ ಕೂರಬೇಕು. ಇದು ಕಾಕಾನ ಅಪ್ಪಣೆ. ಪಕ್ಕದಲ್ಲಿ ಕೂತಿದ್ದ ನೆಲೋಗಿಯ ಮುದುಕಿಯೊಬ್ಬಳು ಬಹಳ ಹೊತ್ತು ಚೀಲವನ್ನೇ ನೋಡಿದಳು.

“ಏನ್ರಿ ಯಪ್ಪಾ ಅದು?”

“ಮೀನವಾ.”

“ತಿನ್ನಾಕೇನು?”

“ಅಲ್ಲ, ಸಾಕಾಕ.”

“ಸಾಕಿ?”

ಬಸ್ಸು ಮತ್ತೊಂದು ತಗ್ಗಿಗೆ ಬಿತ್ತು; ನಾನು ಚೀಲದೊಂದಿಗೆ ಮೇಲೆದ್ದೆ.

ಅಷ್ಟರಲ್ಲಿ ಕಾಕಾ ಕಂಡಕ್ಟರನೊಂದಿಗೆ ಜಗಳಕ್ಕೆ ಬಿದ್ದಿದ್ದರು. ಟಿಕೆಟ್ ಕೊಡಲಿಲ್ಲವೆಂದಲ್ಲ, ಮೀನಿಗೆ ಟಿಕೆಟ್ ಹರಿಯಲಿಲ್ಲವೆಂದು! ಕಂಡಕ್ಟರ ಪಾಪ, ಇವರ ಕೈಕೆಳಗೇ ಕೆಲಸ ಕಲಿತ ಹುಡುಗ. “ಬಿಡ್ರಿ ಸರ, ನಮ್ಮ ಮನಿ ಮೀನಿದ್ದಂಗ” ಎನ್ನುತ್ತಾನೆ. “ಜೀವಂತ ಪ್ರಾಣಿಗಿ ಲಗೇಜ್ ಹರೀಬೇಕು ಅಂತ ಕಾಯಿದೆ ಅದ. ಕುರಿಗಿ ಹರೀತೀಯೋ ಇಲ್ಲೋ? ಕೋಳಿಗಿ?” ಎಂದು ಇವರು. “ಮೀನದ್ದು ಮಶೀನಿನ್ಯಾಗ ಬಟನ್ನೇ ಇಲ್ರಿ!” ಎಂದು ಅವನು. ಕೊನೆಗೆ ಆರು ಏಂಜಲ್ ಮೀನುಗಳು ಎರಡು ಕೋಳಿಗಳ ಹೆಸರಿನಲ್ಲಿ ಜೇವರ್ಗಿ ತಲುಪಿದವು. ಟಿಕೆಟ್ ಕೊಡಿರೆಂದು ಹಠ ಹಿಡಿದ ಪ್ರಯಾಣಿಕನನ್ನು ಆ ಬಸ್ಸು ಅದೇ ಮೊದಲು ಕಂಡಿರಬೇಕು.

ಆರರಲ್ಲಿ ಜೋಡಿ ಯಾವುದು? ಮೀನು ತಾವೇ ಕಟ್ಟಿಕೊಳ್ಳುವವರೆಗೆ ತಡೆಯಿರಿ, ನಿಮಗೆ ತಿಳಿಯುವುದಿಲ್ಲ ಎಂದಿದ್ದರು ಚಾಚಾ. ಕಾಕಾ ತಡೆಯುತ್ತಾರೆಯೆ? “ಮೂವತ್ತಮೂರ ವರ್ಷ ಸೀಟ ಹಂಚೇನಿ. ಯಾರು ಯಾರ ಹೇಣ್ತಿ ಅಂತ ಬಸ್ಸ ಹತ್ತೂದರಾಗ ಹೇಳತಿದ್ದೆ” ಎಂದು ಎಲ್ಲಕ್ಕಿಂತ ದಪ್ಪಗಿದ್ದ, ಎಲ್ಲರಿಗೂ ತಿವಿಯುವ ಮೀನನ್ನು ಗಂಡನೆಂದು ಸಾರಿದರು. ಅದರ ಹಿಂದೆಯೇ ಸುಳಿಯುವ ತೆಳ್ಳನೆಯದನ್ನು ಹೆಂಡತಿಯೆಂದರು. ಗೌಡರು, ಗೌಡಶ್ಯಾನಿ ಎಂದು ನಾಮಕರಣವೂ ಆಯಿತು. ಇಬ್ಬರಿಗೂ ನಡುಮನೆಯ ಎದುರಿಗೆ, ಒಳ್ಳೆ ಬೆಳಕು ಬೀಳುವ ಕಡೆ, ಪಡಸಾಲೆಯಲ್ಲೇ ಅತಿ ದೊಡ್ಡ ತೊಟ್ಟಿ; ಉಳಿದ ನಾಲ್ಕಕ್ಕೆ ಮೂಲೆಯ ತೊಟ್ಟಿ. ಅಕ್ಷತೆ ಹಾಕೋಣವೆಂದರೆ ನೀರು ಕೆಡುತ್ತದೆ. ಆದ್ದರಿಂದ ನಾಲ್ಕು ಕೆಂಪು ಹುಳು ಹಾಕಿದರು.

ಹುಳುವೆಂದಾಗ ನೆನಪಾಯಿತು. ಆ ಹುಳುಗಳು ಹೆಪ್ಪುಗಟ್ಟಿಸಿದ ಸಣ್ಣ ಸಣ್ಣ ಚೌಕಗಳಲ್ಲಿ ಬರುತ್ತವೆ. ಅವನ್ನು ಫ್ರಿಜ್ಜಿನಲ್ಲಿಡಬೇಕು. ಫ್ರಿಜ್ಜು ಕಾಕುವಿನದು. ಅದರಲ್ಲಿ ಮೊಸರಿದೆ, ನೈವೇದ್ಯದ ಬೆಣ್ಣೆಯಿದೆ. ಈ ವಿಷಯದಲ್ಲಿ ಮನೆಯಲ್ಲಿ ನಡೆದ ಮಾತುಕತೆಯನ್ನು ನಾನು ಗೋಡೆಯ ಈಚೆಯಿಂದ ಪೂರ್ತಿ ಕೇಳಿದ್ದೇನೆ, ಬರೆಯುವಂತಿಲ್ಲ. ಫಲಿತಾಂಶವಿಷ್ಟೇ: ಈಗ ಆ ಹುಳುಗಳು ನಮ್ಮ ಮನೆಯ ಫ್ರಿಜ್ಜಿನಲ್ಲಿವೆ. ನನ್ನ ಹೆಂಡತಿ ಇನ್ನೂ ಅವನ್ನು ಬೀಟ್‌ರೂಟ್ ಎಂದು ನಂಬಿದ್ದಾಳೆ. ಈ ಪ್ರಬಂಧವನ್ನು ಅವಳು ಓದಲಾರಳೆಂದು ನಾನು ನಂಬಿದ್ದೇನೆ.

ಆಮೇಲೆ ಬೇಸಿಗೆ ಬಂತು. ಜೇವರ್ಗಿಯ ಬೇಸಿಗೆಯನ್ನು ವರ್ಣಿಸಲು ಹೋಗುವುದಿಲ್ಲ, ಬರೆಯುವ ಕೈಯೂ ಬೆವರುತ್ತದೆ. ಮನೆಗೊಂದು ದೊಡ್ಡ ಕೂಲರ್ ಇತ್ತು. ಅದು ಗೌಡರ ತೊಟ್ಟಿಯ ಕಡೆ ಮುಖ ಮಾಡಿ ನಿಂತಿತು. ಒಂದು ಮಧ್ಯಾಹ್ನ ಕಾಕುವಿನ ಅಣ್ಣ ನೆಲೋಗಿಯಿಂದ ಬಂದಿದ್ದರು. ಶಲ್ಲೆಯಿಂದ ಮುಖ ಒರೆಸಿದರು, ಕತ್ತು ಒರೆಸಿದರು, ಶಲ್ಲೆ ಹಿಂಡಿದರು. ಕೊನೆಗೆ ಸಂಕೋಚ ಬಿಟ್ಟು ಕೇಳಿದರು:

“ಬೀಗರ, ಅದನ್ನ ಒಂಚೂರ ನಮ್ಮ ಕಡಿ ತಿರಗಸ್ತೀರೇನ್ರಿ?”

ಕಾಕಾ ಅವರನ್ನು ಕನಿಕರದಿಂದ ನೋಡಿದರು. “ನಿಮಗ ಬೆವರ ಬರತದರಿ. ಅವಕ್ಕ ಬರಂಗಿಲ್ಲ.”

ಶಾಸ್ತ್ರೋಕ್ತವಾದ ಈ ಮಾತಿಗೆ ಬೀಗರು ಕೈಮುಗಿದರು. ಬಾಗಿಲ ಹೊರಗಿನ ಬೇವಿನ ನೆರಳಿಗೆ ಕುರ್ಚಿ ಎಳೆದುಕೊಂಡು ಹೋದರು. ನಾನು ಮೊದಲೇ ಅಲ್ಲಿದ್ದೆ.

ಕರೆಂಟು ಹೋದಾಗ ಅದಕ್ಕಿಂತ ಹೆಚ್ಚಿನ ಪಜೀತಿ. ತೊಟ್ಟಿಗೆ ಗಾಳಿ ಊದುವ ಪಂಪು ನಿಲ್ಲುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಇದಕ್ಕೆ ಕಾಕಾ ಕಂಡುಹಿಡಿದ ಉಪಾಯವೆಂದರೆ, ತಂಬಿಗೆಯಲ್ಲಿ ತೊಟ್ಟಿಯ ನೀರು ಮೊಗೆದು, ಒಂದು ಮೊಳ ಮೇಲಿನಿಂದ ಅದೇ ತೊಟ್ಟಿಗೆ ಸುರಿಯುವುದು. ಸುರಿದಾಗ ನೀರಿಗೆ ಗಾಳಿ ಸೇರುತ್ತದೆ. ಒಂದು ಸಲವಲ್ಲ, ಕರೆಂಟು ಬರುವವರೆಗೆ. ಇದಕ್ಕೆ ಪಾಳಿ ಗೊತ್ತಾಯಿತು. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನದು. ಮೂವತ್ತೈದು ವರ್ಷ ಸಂಧಿ, ಸಮಾಸ, ಷಟ್ಪದಿಗಳನ್ನು ಕಲಿಸಿದ ಕೈ ಎರಡು ತಾಸು ತಂಬಿಗೆ ಎತ್ತಿ ಇಳಿಸುತ್ತಿತ್ತು. ಸ್ವಲ್ಪ ನಿಧಾನವಾದರೆ ಮಂಚದ ಮೇಲೆ ಅಡ್ಡಾದ ಕಾಕಾ ಕಣ್ಣು ಬಿಡದೆಯೇ ಸೀಟಿ ಊದುತ್ತಿದ್ದರು. ಹೌದು, ಕಂಡಕ್ಟರನ ಸೀಟಿ! ಅದನ್ನು ಡಿಪೋಕ್ಕೆ ಮರಳಿ ಕೊಟ್ಟಿರಲಿಲ್ಲ.

ಕಾರಹುಣ್ಣಿಮೆ ಮುಗಿದ ಮರುದಿನ ಮುಂಜಾನೆ ಗೋಡೆಯಾಚೆಯಿಂದ ಅದೇ ಸೀಟಿ ಮೂರು ಸಲ ಕೇಳಿಸಿತು. ಓಡಿದೆ. ಕಾಕಾ ಬಾಯಿಗೆ ಬೆರಳಿಟ್ಟು ಸುಮ್ಮನಿರೆಂದು ಸನ್ನೆ ಮಾಡಿದರು, ಸೀಟಿ ಊದಿದವರು ತಾವಲ್ಲವೆಂಬಂತೆ. ತೊಟ್ಟಿಯೊಳಗೆ ಓರೆಯಾಗಿ ನಿಲ್ಲಿಸಿದ್ದ ಶಹಾಬಾದ ಕಲ್ಲಿನ ತುಂಡಿನ ಮೇಲೆ ಸಾಲುಸಾಲಾಗಿ ಮೊಟ್ಟೆಗಳು, ಸಾಬೂದಾಣಿಯ ಪುಡಿ ಅಂಟಿಸಿದ ಹಾಗೆ. ಗೌಡರು ಒಂದು ಕಡೆ, ಗೌಡಶ್ಯಾನಿ ಒಂದು ಕಡೆ ನಿಂತು ರೆಕ್ಕೆಯಿಂದ ಗಾಳಿ ಹಾಕುತ್ತಿದ್ದರು.

“ಎಷ್ಟ ತತ್ತಿ ನೋಡ್ಲೇ ಮಾಸ್ತರ! ಚಾಚಾನ ಮೀನ ಇದರ ಅರ್ಧಾನೂ ಇಡಂಗಿಲ್ಲಂತ. ನಮ್ಮ ನೀರಿನ ಗುಣ ಇದು!”

ಮೂರು ದಿನಕ್ಕೆ ಮೊಟ್ಟೆ ಒಡೆದು ಮರಿ ಆಗಬೇಕು. ಕಾಕಾ ಮೂರು ದಿನವೂ ತೊಟ್ಟಿಯ ಮುಂದಿನ ಮಣೆ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಮೊಟ್ಟೆಗಳೆಲ್ಲ ಬೆಳ್ಳಗೆ ಬೂಸು ಹಿಡಿದವು. ನಾಲ್ಕನೆಯ ದಿನ ಗೌಡ ದಂಪತಿಗಳು ಅವನ್ನು ತಾವೇ ತಿಂದು ಮುಗಿಸಿದರು.

ಹತ್ತು ಹನ್ನೆರಡು ದಿನಕ್ಕೆ ಮತ್ತೆ ಇಟ್ಟರು. ಮತ್ತೆ ಬಿಳಿ. ಮತ್ತೆ ಇಟ್ಟರು. ಮತ್ತೆ ಬಿಳಿ. ಕಾಕಾ ವಿಚಾರಣೆ ಶುರುಮಾಡಿದರು. ಮೊದಲ ಆರೋಪಿ ಶಹಾಬಾದ ಕಲ್ಲು. ಅದು ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ ಎಂದು ಯಾರೋ ಫೋನಿನಲ್ಲಿ ಹೇಳಿದರು. ಶಹಾಬಾದ ಕಲ್ಲಿಲ್ಲದೆ ನಮ್ಮ ಕಡೆ ನೆಲವಿಲ್ಲ, ಕಟ್ಟೆಯಿಲ್ಲ, ದನಕ್ಕೆ ಗೋದಲಿಯಿಲ್ಲ. ಆದರೂ ಅದಕ್ಕೆ ಗಡೀಪಾರು ಶಿಕ್ಷೆಯಾಯಿತು. ಅದರ ಜಾಗಕ್ಕೆ ಹೆಂಚಿನ ತುಂಡು ಬಂತು. ಎರಡನೆಯ ಆರೋಪಿ ಕಾಕುವಿನ ತಂಗಿ, ಆಕೆ ಒಂದು ಸಲ ತೊಟ್ಟಿ ನೋಡಿ “ಎಷ್ಟ ಚಂದ ಅವ!” ಎಂದಿದ್ದಳು. ದೃಷ್ಟಿ! ತೊಟ್ಟಿಗೆ ಕರಿದಾರ, ಮೆಣಸಿನಕಾಯಿ ಕಟ್ಟಲಾಯಿತು. ಮೂರನೆಯ ಆರೋಪಿ ನಾನು. ನನ್ನ ನೆರಳು ಮೊಟ್ಟೆಯ ಮೇಲೆ ಬೀಳುತ್ತದಂತೆ. ನಾನು ಈ ಆರೋಪವನ್ನು ಸಂತೋಷದಿಂದ ಒಪ್ಪಿ ಎರಡು ದಿನ ಮನೆಯಲ್ಲಿ ಮಲಗಿದೆ. ಮೂರನೆಯ ದಿನ ಖುಲಾಸೆ ಮಾಡಿ ಕರೆಸಿಕೊಂಡರು.

ಕೊನೆಗೆ ತೀರ್ಪು ಹೊರಬಿತ್ತು: ತಪ್ಪು ಬೋರಿನ ನೀರಿನದು. ಆ ಗಡಸು ನೀರಿನಲ್ಲಿ ಯಾವ ಮೊಟ್ಟೆಯೂ ಬಲಿಯಲಾರದು. ಬೇಕಾದದ್ದು ಮಳೆಯ ನೀರು.

ಶ್ರಾವಣದ ಒಂದು ಮಧ್ಯಾಹ್ನ ಮೋಡ ಕವಿಯಿತು. ಆವತ್ತು ಕಾಕುವಿನ ಮನೆಗೆ ಭಜನೆಯ ಹೆಣ್ಣುಮಕ್ಕಳು ಹದಿನಾರು ಜನ ಊಟಕ್ಕೆ ಬರುವವರಿದ್ದರು. ಹೂರಣ ಬೇಯಿಸಲಿಕ್ಕೆಂದು ಕಾಕು ಒಳಗಿನಿಂದ ಪಾತ್ರೆ ತರಲು ಹೋದರೆ ಮಾಡ ಖಾಲಿ! ಕೊಪ್ಪರಿಗೆ ಇಲ್ಲ, ಬೋಗುಣಿ ಇಲ್ಲ, ಪರಾತ ಇಲ್ಲ. ಹೊರಗೆ ಬಂದು ನೋಡಿದರೆ ಮನೆಯ ಸಮಸ್ತ ಪಾತ್ರೆಗಳೂ ಅಂಗಳದಲ್ಲಿ ಬಾಯಿ ಮೇಲಕ್ಕೆ ಮಾಡಿ ಕೂತು ಮಳೆಯಲ್ಲಿ ತೊಯ್ಯುತ್ತಿವೆ. ಹೋಳಿಗೆಯ ಹಂಚು ಕೂಡ! ಹಂಚಿನಲ್ಲಿ ಎಷ್ಟು ನೀರು ನಿಂತೀತು? ಎರಡು ಚಮಚ. ಆ ಎರಡು ಚಮಚವೂ ಕಾಕಾನಿಗೆ ಬೇಕಿತ್ತು. ಪಾತ್ರೆಗಳ ನಡುವೆ ನಾನು ತಲೆಗೆ ಗೋಣಿಚೀಲ ಹಾಕಿಕೊಂಡು ತುಂಬಿದವನ್ನು ಒಳಗೆ ಸಾಗಿಸುತ್ತಿದ್ದೆ.

ಕಾಕು ಹದಿನಾರು ಜನಕ್ಕೂ ಅವಲಕ್ಕಿ ಕೊಟ್ಟು ಕಳಿಸಿದ ಮೇಲೆ, ನೆಲೋಗಿಯಿಂದ ಅಣ್ಣನನ್ನು ಕರೆಸಿ, ಅವರನ್ನೂ ನನ್ನನ್ನೂ ಪಂಚರೆಂದು ಕೂರಿಸಿಕೊಂಡರು.

“ನೀವಿಬ್ಬರು ಸಾಕ್ಷಿರಿ. ಈ ನೀರಿನ್ಯಾಗ ಇನ್ನೊಂದ ಸಲ ತತ್ತಿ ಇಡಲಿ. ಮರಿ ಆದರ ನಾ ತುಟಿ ಬಿಚ್ಚಂಗಿಲ್ಲ. ಆಗಲಿಲ್ಲ, ಒಂದ ತೊಟ್ಟಿನೂ ಈ ಮನ್ಯಾಗ ಇರಂಗಿಲ್ಲ. ಕಬೂಲಾ?”

ಕಾಕಾ ಗೌಡರನ್ನೊಮ್ಮೆ ನೋಡಿದರು. “ಕಬೂಲ” ಎಂದರು. ಕಾಕಾನಲ್ಲಿ ನೂರು ದೋಷಗಳಿರಬಹುದು, ಆಡಿದ ಮಾತಿಗೆ ತಪ್ಪಿದವರಲ್ಲ.

ನನ್ನ ಮನಸ್ಸಿನಲ್ಲಿ ಆಗ ಏನಿತ್ತೆಂದು ಸತ್ಯ ಹೇಳಬೇಕೆ? ಮೊಟ್ಟೆ ಬಿಳಿಯಾಗಲಿ ಎಂದೇ ಇತ್ತು. ನನಗೂ ವಯಸ್ಸಾಗಿದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗುವುದು ನಿವೃತ್ತನ ಜನ್ಮಸಿದ್ಧ ಹಕ್ಕು.

ಮಳೆನೀರು ತುಂಬಿದ ಎಂಟನೆಯ ದಿನ ಮೊಟ್ಟೆ ಬಂದವು, ಎಂದಿಗಿಂತಲೂ ಹೆಚ್ಚು. ಕಾಕಾ ಮಣೆ ಹಾಕಿಕೊಂಡು ಕುಳಿತರು. ಊಟಕ್ಕೆ ಕರೆದರೆ ಏಳಲಿಲ್ಲ; ತಟ್ಟೆ ತಂದಿಟ್ಟರೆ ಮುಟ್ಟಲಿಲ್ಲ. ನಾನು ಎರಡು ಸಲ ಹೋಗಿ ನೋಡಿ ಬಂದೆ. ಎರಡನೆಯ ದಿನ ಸಂಜೆಯ ಹೊತ್ತಿಗೆ ಹೆಂಚಿನ ಒಂದು ಮೂಲೆಯಿಂದ ಬಿಳುಪು ಏರತೊಡಗಿತ್ತು. ನಾನು ಬೇಡಿಕೊಂಡದ್ದೇ ಆಗುತ್ತಿತ್ತು; ಆದರೆ ಕಾಕಾನ ಬೆನ್ನನ್ನು ನೋಡಿ ಖುಷಿಯೇನೂ ಆಗಲಿಲ್ಲ.

ಮೂರನೆಯ ದಿನ ಯಾವುದೋ ಮದುವೆಗೆಂದು ಜೇವರ್ಗಿಗೆ ಬಂದಿದ್ದ ಕಲಬುರಗಿಯ ಚಾಚಾ ನೋಡಿ ಹೋಗೋಣವೆಂದು ಮನೆಗೆ ಬಂದರು. ಕನ್ನಡಕ ಹಾಕಿಕೊಂಡು ತೊಟ್ಟಿಗೆ ಮೂಗು ತಾಗಿಸಿ ಕೂತರು. ಬಿಳಿಯ ಮೊಟ್ಟೆಗಳನ್ನು ನೋಡಿದರು. ಗೌಡರ ಹೊಟ್ಟೆಯ ಕೆಳಗೆ ನೋಡಿದರು, ಗೌಡಶ್ಯಾನಿಯ ಹೊಟ್ಟೆಯ ಕೆಳಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

“ಕಂಡಕ್ಟರ್ ಸಾಬ್, ಈ ಜೋಡಿ ಯಾರು ಮಾಡಿದ್ರು?”

“ನಾನ.”

“ದೋನೋ ಮಾದಾ ಹೈ ಸಾಬ್. ಎರಡೂ ಹೆಣ್ಣ ಅವ. ಎರಡೂ ತತ್ತಿ ಇಡಾಕತ್ಯಾವ, ಅದಕ್ಕ ಇಷ್ಟು ಬರಾಕತ್ಯಾವ. ಗಂಡ ಇಲ್ಲದ ಮರಿ ಎಲ್ಲಿಂದ ಬರಬೇಕು?”

ಮೂವತ್ತಮೂರು ವರ್ಷ ಕಾಲ, ಬಸ್ಸಿನ ಹಿಂದಿನ ಬಾಗಿಲಿನಲ್ಲಿ ನಿಂತೇ ಹೆಣ್ಣುಮಕ್ಕಳ ಸೀಟಿನಲ್ಲಿ ಕೂತ ಗಂಡಸನ್ನು ಗುರುತಿಸಿ ಎಬ್ಬಿಸಿದ ಕಣ್ಣು ಕಾಕಾನದು. ಒಂದೇ ಸೀಟಿನಲ್ಲಿ ಇಬ್ಬರು ಹೆಂಗಸರನ್ನು ಕೂರಿಸಿ ಗಂಡಹೆಂಡತಿಯೆಂದು ಆರತಿ ಎತ್ತಿತ್ತು! ಎರಡೂವರೆ ತಿಂಗಳು ನಾವು ಕಲ್ಲನ್ನು ಬೈದೆವು, ಬೋರನ್ನು ಬೈದೆವು, ಮೋಡಕ್ಕೆ ಕೈಮುಗಿದೆವು. ಗೌಡರನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಸಂಜೆಯೊಳಗೆ ಸುದ್ದಿ ಬಸ್ ನಿಲ್ದಾಣ ಮುಟ್ಟಿತು. ಮೂರು ದಿನ ಯಾವ ಬಸ್ಸಿನಲ್ಲೂ ಬೇರೆ ಮಾತಿರಲಿಲ್ಲ.

ಆದರೆ ಮಾತು ಮಾತೇ. ಮರಿಯಾಗಿರಲಿಲ್ಲ. ಮರುದಿನ ಬೆಳಗ್ಗೆ ಕಾಕಾ ಯಾರೂ ನೆನಪಿಸದೆಯೇ ದೊಡ್ಡ ತೊಟ್ಟಿಗೆ ಪೈಪು ಬಿಟ್ಟು ನೀರು ಖಾಲಿ ಮಾಡತೊಡಗಿದರು. ಗೌಡರು, ಗೌಡಶ್ಯಾನಿ ಬಕೆಟ್ಟಿನಲ್ಲಿದ್ದರು. ಉಳಿದ ಮೀನುಗಳನ್ನು ಯಾವ ಬಸ್ಸಿಗೆ ಹಾಕಿ ಚಾಚಾಗೆ ಮರಳಿ ಕಳಿಸುವುದೆಂದು ಲೆಕ್ಕ ಹಾಕುತ್ತಿದ್ದರು. ನಾನು ಪೈಪಿನ ಇನ್ನೊಂದು ತುದಿಯನ್ನು ಅಂಗಳದಲ್ಲಿ ಹಿಡಿಯಬೇಕಿತ್ತು, ಹಿಡಿದಿದ್ದೆ.

ಕಾಕು ಬಾಗಿಲಲ್ಲಿ ಬಂದು ನಿಂತರು. ಗೆದ್ದವರ ಮುಖವಾಗಿರಲಿಲ್ಲ ಅದು.

“ಮಾಸ್ತರ, ಜಾಗಾಕ್ಕ ಜಗಳಾ ತಗದೇನಿ ಅಂತ ತಿಳದೀರೇನು ನೀವು? ಮೂರ ಮಕ್ಕಳ್ನ ಹಡದೇನಿ ನಾ. ದೊಡ್ಡಾಕಿ ಹುಟ್ಟಿದಾಗ ಇವ್ರು ನೆಲೋಗ್ಯಾಗ ವಸ್ತಿ. ನಡುವಿನಾಕಿ ಹುಟ್ಟಿದಾಗ ಕರಜಗ್ಯಾಗ ವಸ್ತಿ.”

ವಸ್ತಿ ಎಂದರೆ ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಗ್ಗೆ ಮೊದಲ ಟ್ರಿಪ್ಪು ಹೊಡೆಯುವ ಬಸ್ಸಿನ ಡ್ಯೂಟಿ. ಕಂಡಕ್ಟರನೂ ಬಸ್ಸಿನಲ್ಲೇ ಮಲಗಬೇಕು.

“ಮಗಾ ಹುಟ್ಯಾನ ಅಂತ ಇವರಿಗಿ ಹೇಳಿದವರು ಬಸ್ಸಿನ ಮಂದಿ. ಬಸ್ಸಿನ ತುಂಬ ಪೇಢೇ ಹಂಚ್ಯಾರಂತ. ಕೂಸಿನ ಮಾರಿ ನೋಡಿದ್ದು ಮೂರನೇ ದಿನಕ್ಕ. ಅಂಥಾ ಮನಷ್ಯಾ ಮೀನಿನ ತತ್ತಿ ಮುಂದ ಮೂರ ದಿನಾ ಉಣಲಾರದ ಕುಂತಾರ. ನಾ ಏನ ತಿಳಕೋಬೇಕು ಹೇಳ್ರಿ?”

ಕಾಕಾ ತಲೆ ಎತ್ತಲಿಲ್ಲ. ಪೈಪಿನ ಬಾಯನ್ನು ತೊಟ್ಟಿಯ ತಳಕ್ಕೆ ಒತ್ತಿ ಹಿಡಿದಿದ್ದರು.

“ಖರೇ ಅದ. ನೋಡಿಲ್ಲ ನಾ” ಎಂದರು. “ಎಲ್ಲಾರೂ ಎದ್ದು ಓಡ್ಯಾಡಾಕ ಹತ್ತಿದ ಮ್ಯಾಗೇ ಕಣ್ತುಂಬ ನೋಡೇನಿ. ಈ ಜಾತ್ಯಾಗ ಅಪ್ಪಾ ಅಂಬಾಂವ ಬಿಟ್ಟು ಸರಿಯಂಗಿಲ್ಲ ಅಂತ ಚಾಚಾ ಅಂದ. ಹೆಂಗಿರತದ ಅದು ಅಂತ ಒಂದ ಸಲ ನೋಡಬೇಕಾಗಿತ್ತು. ಅಷ್ಟ.”

ನಾನು ಪೈಪಿನ ತುದಿಯನ್ನು ಬೇವಿನ ಬುಡಕ್ಕೆ ತಿರುಗಿಸಿದೆ. ಕಾಕು ಒಳಗೆ ಹೋದರು.

ಮರುದಿನ ಬೆಳಗ್ಗೆ ಕಾಕು ಮನೆಯಲ್ಲಿರಲಿಲ್ಲ. ಆಳಂದದ ಮಗಳಿಗೆ ಫೋನು ಮಾಡಿದೆವು, ಕರಜಗಿಯ ಮಗಳಿಗೆ ಮಾಡಿದೆವು, ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಕೂತ ಮಗನಿಗೂ ಕೇಳಿದೆವು. ಯಾರಿಗೂ ಗೊತ್ತಿಲ್ಲ. ಕಾಕಾ ಬರಿದಾದ ತೊಟ್ಟಿಯ ಮುಂದೆ ನಿಂತು ಕೈ ಎಲ್ಲಿಡಬೇಕೆಂದು ತಿಳಿಯದೆ ಅದರ ಗಾಜನ್ನೇ ಒರೆಸುತ್ತಿದ್ದರು. ಮಧ್ಯಾಹ್ನದ ಕಲಬುರಗಿ ಬಸ್ಸಿಗೆ ಕಾಕು ಇಳಿದು ಬಂದರು. ಸೆರಗಿನ ಮರೆಯಲ್ಲಿ, ಎದೆಗವಚಿ, ಗಾಳಿ ತುಂಬಿದ ಒಂದು ಪ್ಲಾಸ್ಟಿಕ್ ಚೀಲ.

“ನಾಕ ಸಲ ಕೇಳೇನಿ ಚಾಚಾಗ” ಎಂದರು, ನನ್ನ ಕಡೆ ನೋಡಿ. ಕಾಕಾನ ಕಡೆ ನೋಡಲಿಲ್ಲ. “ಗಂಡ ಅದಂತ. ಮೊದಲ ಎರಡ ಸಲ ಮರಿ ಮಾಡಿದ್ದ ಗಂಡಂತ.”

ಕಾಕಾ ಚೀಲವನ್ನು ತೆಗೆದುಕೊಂಡರು. ಅದನ್ನು ಹಿಡಿಯುವುದು ಹೇಗೆಂದು ಮರೆತವರಂತೆ ಎರಡೂ ಕೈಯಲ್ಲಿ ಹಿಡಿದು ನಿಂತರು.

“ಏನ ನೋಡಾಕತ್ತೀರಿ? ನೀರ ತುಂಬಸ್ರಿ” ಎಂದರು ಕಾಕು.

ದಸರಾ ಮುಗಿದ ವಾರ ಮೊಟ್ಟೆಗಳು ಬಂದವು. ಗಂಡು ಮೀನು ಬಿಟ್ಟು ಸರಿಯಲಿಲ್ಲ. ಕಾಕಾನೂ ಕಾಕುವೂ ಎದುರಿಗೆ ಕೂತಿದ್ದರು. ಮೂರನೆಯ ದಿನ ಮಧ್ಯಾಹ್ನ ಒಡೆದವು. ಮೂವತ್ತಾರು ಮರಿಗಳು ಬದುಕಿವೆ.